ಮಂಗನ ಪಟಕ್ಕೆ ಕಾಯಿ ಒಡೆದ ಭಾನುವಾರ

ಬೈಕುಲ್ಲಾದ ರಾಣಿಬಾಗ್ ಮೃಗಾಲಯದಲ್ಲಿ ಮಂಗಗಳ ಪಂಜರ ನೋಡಿಕೊಳ್ಳುತ್ತಿದ್ದ ದಾನಪ್ಪ ಶಾಲೆಯ ಹೊಸ್ತಿಲು ತುಳಿದವನಲ್ಲ. ವಿಜಾಪುರದ ಕಡೆಯಿಂದ ಸೋದರಮಾವನ ಬೆನ್ನು ಹತ್ತಿ ಮುಂಬಯಿಗೆ ಬಂದಾಗ ಅವನಿಗೆ ಹದಿನೇಳು ವರ್ಷ. ಕೈಗೆ ಸಿಕ್ಕಿದ್ದು ಒಂದು ಕಸಬರಿಗೆ, ಒಂದು ಬಕೆಟ್ಟು. ಆದರೆ ಅವನ ಕಣ್ಣು ಸುಮ್ಮನೆ ಕೂಡುವ ಜಾತಿಯದಲ್ಲ. ಪಂಜರದ ಮುಂದೆ ಬೋರ್ಡು, ಹಿಂದೆ ಪ್ರಾಣಿ. ಹುಲಿಗೆ ಮರಾಠಿಯವರು ‘ವಾಘ’ ಅನ್ನುತ್ತಾರೆ, ಅದರ ಬೋರ್ಡಿನಲ್ಲಿ ಎರಡೇ ಅಕ್ಷರ. ಹಾಗಾದರೆ ಮೊದಲನೆಯದು ‘ವಾ’, ಎರಡನೆಯದು ‘ಘ’ ಎಂದು ತನ್ನಷ್ಟಕ್ಕೆ ತಾನೇ ಗಟ್ಟಿ ಮಾಡಿಕೊಂಡ. ಕರಡಿ ಒಂದಿಷ್ಟು ಕಲಿಸಿತು, ಮೊಸಳೆ ಒಂದಿಷ್ಟು. ಮೂರು ವರ್ಷದಲ್ಲಿ ಪಂಜರಗಳೆಲ್ಲ ಮುಗಿದವು, ದಾನಪ್ಪನಿಗೆ ಓದು ಬಂತು. ತಾಯಿನುಡಿಯ ಅಕ್ಷರ ಮಾತ್ರ ಕೊನೆಗೆ ದಕ್ಕಿತು. ಅದನ್ನು ತಾನು ಬಾಡಿಗೆಗಿದ್ದ ಚಾಳಿನ ವಾಚನಾಲಯದಲ್ಲಿ ಹಳೆಯ ಪತ್ರಿಕೆಗಳ ಮೇಲೆ ಬೆರಳಿಟ್ಟು ಕಲಿತ.

ಒಂದು ದಿನ ನೆನೆಸಿದ ಕಡಲೆ ಹಾಕುವಾಗ ಹೆಣ್ಣು ಮಂಗವೊಂದು ಕಂಬಿಯ ಸಂದಿಯಿಂದ ಕೈ ಚಾಚಿ ಅಂಗೈ ಅಗಲಿಸಿತು. ಅಂಗೈಯಲ್ಲಿ ಗೆರೆಗಳು. ಬೆರಳ ತುದಿಯಲ್ಲಿ ಚಪ್ಪಟೆ ಉಗುರು. ಬೆಳಿಗ್ಗೆಯಷ್ಟೇ ಅವನು ತನ್ನ ಮೂರು ತಿಂಗಳ ಮಗಳ ಅಂಗೈ ಬಿಡಿಸಿ ನೋಡಿ ಬಂದಿದ್ದ. ಅದೇ ಗೆರೆ, ಅದೇ ಉಗುರು. ಇದು ಯಾಕೆ ಹೀಗೆ ಎಂಬ ಪ್ರಶ್ನೆಯನ್ನು ಅವನು ಎಂಟು ವರ್ಷ ತಲೆಯಲ್ಲಿ ಹೊತ್ತು ತಿರುಗಿದ. ಕೊನೆಗೆ ಪುಸ್ತಕದ ಅಂಗಡಿಗಳ ಸಾಲಿದ್ದ ಫೋರ್ಟಿನ ಫುಟ್‌ಪಾತಿನಲ್ಲಿ ಒಂದು ಹಳೆಯ ಮರಾಠಿ ಪುಸ್ತಕ ಸಿಕ್ಕಿತು. ಜೀವ ಎಂಬುದು ನೀರಿನಲ್ಲಿ ಹುಟ್ಟಿ, ಕೋಟ್ಯಂತರ ವರ್ಷ ರೂಪ ಬದಲಿಸುತ್ತ ಬಂದ ಕಥೆ. ನಡುವೆ ಕೆಲವು ಹಾಳೆ ಕಿತ್ತುಹೋಗಿದ್ದವು. ಇದ್ದಷ್ಟನ್ನು ದಾನಪ್ಪ ಮೂರು ಸಲ ಓದಿದ. ಇಲ್ಲದಷ್ಟನ್ನು ತಾನೇ ಊಹಿಸಿ ತುಂಬಿಕೊಂಡ.

ತಿಳಿದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಗುಣವೂ ಅವನದಲ್ಲ. ಹಾಗಾಗಿ ಚಾಳಿನ ಕೆಳಗಿನ ವಾಚನಾಲಯದಲ್ಲಿ ಭಾನುವಾರ ಬೆಳಿಗ್ಗೆ ಪಾಠ ಶುರುವಾಯಿತು. ಮೊದಲು ಅಕ್ಷರ, ಆಮೇಲೆ ಜೀವದ ಕಥೆ. ಗಿರಣಿಯ ಗಂಡಸರು, ಹೆಂಗಸರು, ಹಮಾಲರು ಬಂದು ಚಾಪೆಯ ಮೇಲೆ ಕೂಡುತ್ತಿದ್ದರು. ಮಾಂಜರಪಾಟಿನ ದೊಡ್ಡ ಬಿಳಿ ಬಟ್ಟೆಯ ಮೇಲೆ ದಾನಪ್ಪ ಇದ್ದಿಲಿನಿಂದ ಒಂದು ಏಣಿ ಬರೆದಿದ್ದ. ಕೆಳಗಿನ ಮೆಟ್ಟಿಲಲ್ಲಿ ಮೀನು, ಅದರ ಮೇಲೆ ಕಪ್ಪೆ, ಹಲ್ಲಿ, ಮಂಗ. ತುದಿಯಲ್ಲಿ ರುಮಾಲು ಸುತ್ತಿದ ಮನುಷ್ಯ. ಪಾಠ ಮುಗಿದ ಮೇಲೆ ಎಲ್ಲರೂ ಎದ್ದು ನಿಂತು, ಅವನೇ ಕಟ್ಟಿದ ಮಾತನ್ನು ಒಟ್ಟಾಗಿ ಹೇಳುವರು: “ಹಸಿದವರಿಗೆ ಅನ್ನ, ಬಿದ್ದವರಿಗೆ ಕೈ, ಎಲ್ಲರಿಗೂ ಅಕ್ಷರ. ಇದಕ್ಕೆ ಮ್ಯಾಲಿನವರ ಅಪ್ಪಣಿ ಬ್ಯಾಡ.” ಬಾಯಿಮಾತು ಮಾತ್ರವಲ್ಲ. ಹಮಾಲನೊಬ್ಬ ಜಾರಿ ಬಿದ್ದು ಕಾಲು ಮುರಿದುಕೊಂಡಾಗ ಪಾಠದವರು ಪಾಳಿ ಹಾಕಿಕೊಂಡು ಇಪ್ಪತ್ತು ದಿನ ಅವನ ಮಂಚದ ಪಕ್ಕ ಕೂತಿದ್ದರು. ಅವನ ಜಾತಿ ಯಾವುದೆಂದು ಒಬ್ಬರೂ ಕೇಳಲಿಲ್ಲ.

ಆ ಕೋಣೆಯನ್ನು ದಾನ ಕೊಟ್ಟವರು ಬೆಳಗಾವಿಯ ಒಬ್ಬ ಹಿರಿಯ ವ್ಯಾಪಾರಿ. ಗೋಡೆಯ ಮೇಲೆ ಒಂದೇ ಒಂದು ನಿಯಮ ಬರೆಸಿ ಕಣ್ಣು ಮುಚ್ಚಿದ್ದರು: ‘ಇಲ್ಲಿ ಯಾವ ಮತದ ಪ್ರಚಾರವೂ ಕೂಡದು.’ ಅವರ ಅಣ್ಣನ ಮಗ ಚನ್ನಬಸಯ್ಯ, ಬ್ಯಾಡಗಿ ಮೆಣಸಿನಕಾಯಿಯ ವ್ಯಾಪಾರಿ, ಈಗ ಕೋಣೆಯ ಹಿರಿಯ. ಮಾತಿಗೊಮ್ಮೆ ಸೀನುವನು, ಆದರೆ ನ್ಯಾಯಕ್ಕೆ ನಿಂತರೆ ಮಗನ ಮುಖವನ್ನೂ ನೋಡುವವನಲ್ಲ. ಎರಡು ವರ್ಷದ ಹಿಂದೆ ಹತ್ತಿರದ ಉಡುಪಿ ಹೋಟೆಲಿನ ಅಡುಗೆಯವ, ಕರಾವಳಿಯ ಪೂವಪ್ಪ ಈ ಕೋಣೆಯಲ್ಲಿ ಶನಿವಾರದ ಭಜನೆ ಹೂಡಿದ್ದ. ಆಗ ಎದ್ದು ನಿಂತು ಗೋಡೆಯ ನಿಯಮವನ್ನು ಗಟ್ಟಿಯಾಗಿ ಓದಿದವನು ಈ ದಾನಪ್ಪನೇ. ಪೂವಪ್ಪ ತಾಳ ಜಾಗಟೆ ಕಟ್ಟಿಕೊಂಡು ಹೋಟೆಲಿನ ಹಿತ್ತಲಿಗೆ ಹೋದ. ಹೋದನೇ ಹೊರತು ಮರೆಯಲಿಲ್ಲ.

ಐವತ್ತಾರನೆಯ ಇಸವಿಯ ಶ್ರಾವಣ. ಅವತ್ತು ಭಾನುವಾರ ದಾನಪ್ಪ ಬಾಗಿಲು ದಾಟುವಷ್ಟರಲ್ಲಿ ಊದುಬತ್ತಿಯ ಹೊಗೆ ಮೂಗಿಗೆ ಬಡಿಯಿತು. ಗಿರಣಿಯಲ್ಲಿ ನೂಲು ಸುತ್ತುವ ರುದ್ರವ್ವ, ಪಾಠದಲ್ಲಿ ಎಲ್ಲರಿಗಿಂತ ಹಿರಿಯಳು, ಮುಂಚೆಯೇ ಬಂದು ಪಟಕ್ಕೆ ಪೂಜೆ ಮಾಡಿಬಿಟ್ಟಿದ್ದಳು. ಮೀನಿಗೆ ಕುಂಕುಮ, ಕಪ್ಪೆಗೆ ಕುಂಕುಮ, ಮಂಗನ ಹಣೆಗೆ ಮೂರು ಬೆರಳ ವಿಭೂತಿ, ಏಣಿಗೆ ಸೇವಂತಿಗೆಯ ಮಾಲೆ. ಕೆಳಗೆ ಒಡೆದ ಕಾಯಿ.

“ಇದೇನು ರುದ್ರಕ್ಕಾ?”

“ಪಾಟಿಗಿ, ಪುಸ್ತಕಕ್ಕ ಪೂಜಿ ಮಾಡಂಗಿಲ್ಲೇನ್ರೀ ಮಾಸ್ತರ? ಇದೂ ವಿದ್ಯಾನ. ಶ್ರಾವಣದಾಗ ಬರೇ ಹಣಿ ಇಟ್ಟು ನಿಂದರಸಬಾರದು ಅಂತ ಹಚ್ಚೀನಿ.”

ಆಗಲೇ ಅದನ್ನು ಒರೆಸಿ ತೆಗೆಯಬೇಕಿತ್ತು. ದಾನಪ್ಪ ತೆಗೆಯಲಿಲ್ಲ. ಇಪ್ಪತ್ತು ವರ್ಷ ಸಗಣಿ ಬಾಚಿದವನ ಕೈಬರಹಕ್ಕೆ ಮಾಲೆ ಬಿದ್ದಿತ್ತು. ಒಳಗೊಳಗೆ ಹಾಲು ಕುಡಿದಷ್ಟು ತಂಪಾಗಿತ್ತು. ಯಾರೋ ಕಾಲು ಮುಟ್ಟಿದರು, ಬೇಡವೆನ್ನಲಿಲ್ಲ. ಕಾಯಿಯ ಚೂರು ಬಾಯಿಗೆ ಹಾಕಿಕೊಂಡೇ ಪಾಠ ಮಾಡಿದ. ಅದೇ ಹೊತ್ತಿಗೆ ಕಿಟಕಿಯಾಚೆ ಹಾಲಿನ ಕ್ಯಾನು ಹಿಡಿದು ಹೋಗುತ್ತಿದ್ದ ಪೂವಪ್ಪ ನಿಂತ, ನೋಡಿದ, ನಕ್ಕ. ನೆಟ್ಟಗೆ ಚನ್ನಬಸಯ್ಯನ ಅಂಗಡಿಗೆ ಹೋದ.

“ನಮ್ಮ ಭಜನೆ ಮತ, ಇವರದ್ದು ಮತ ಅಲ್ವಾ? ಕಾಯಿ ಉಂಟು, ಊದುಬತ್ತಿ ಉಂಟು, ಕಾಲು ಹಿಡಿಯುವುದು ಉಂಟು. ಕಡೆಗೆ ಎದ್ದು ನಿಂತು ಪ್ರಾರ್ಥನೆ ಬೇರೆ. ದೇವರೊಬ್ಬ ಇಲ್ಲ ಅಷ್ಟೇ ಮಾರಾಯ್ರೆ, ಉಳಿದದ್ದೆಲ್ಲ ಉಂಟು!”

ಚನ್ನಬಸಯ್ಯ ಎರಡು ಸಲ ಸೀನಿದ. ಪೂವಪ್ಪನ ಮಾತಿನಲ್ಲಿ ತೂಕವಿತ್ತು. ಬರುವ ಭಾನುವಾರ ಎಲ್ಲರೂ ಸೇರುವುದು. ಇದು ಮತವೆಂದು ಕಂಡರೆ ಪಾಠಕ್ಕೆ ಕೋಣೆ ಇಲ್ಲ ಎಂದು ಹೇಳಿ ಕಳಿಸಿದ.

ಆ ಕೋಣೆ ಬಿಟ್ಟರೆ ನಲವತ್ತು ಮಂದಿ ಕೂಡುವ ಜಾಗ ಆ ಚಾಳಿನಲ್ಲೇ ಇರಲಿಲ್ಲ. ಮೂವತ್ತು ಜನ ಆಗಷ್ಟೇ ಕಾಗುಣಿತಕ್ಕೆ ಬಂದಿದ್ದರು. ಹೆಂಡತಿ ಚಂದ್ರವ್ವ ರೊಟ್ಟಿ ಬಡಿಯುತ್ತ ತಿವಿದಳು: “ಮಾಲಿ ಬಿದ್ದಾಗ ಕೊಳ್ಳು ಚಾಚಿದ್ರಿ. ಈಗ ಅಳತಿ ನಿಮ್ಮ ಕೊಳ್ಳಿಗೇ ಬಂತು. ಪೂವಪ್ಪಗ ಹಿಡಿದ ಕೋಲು ನಿಮಗೂ ಹಿಡೀಲಿ, ಅದ್ರಾಗೇನು ತಪ್ಪು?”

ತಪ್ಪಿರಲಿಲ್ಲ. ಅದೇ ಅವನನ್ನು ಸುಡುತ್ತಿದ್ದುದು.

ಭಾನುವಾರ ಕೋಣೆ ಕಿಕ್ಕಿರಿದಿತ್ತು. ಚನ್ನಬಸಯ್ಯ ಕುರ್ಚಿಯಲ್ಲಿ, ಪೂವಪ್ಪ ಎದುರಿನಲ್ಲಿ, ಪಟ ಗೋಡೆಯ ಮೇಲೆ.

“ಮೊದಲ ನಿನ್ನ ಪಾಠ ಏನಂತ ತಿಳಿಸಿ ಹೇಳು,” ಎಂದ ಚನ್ನಬಸಯ್ಯ.

ದಾನಪ್ಪ ಕೋಲು ಹಿಡಿದು ಮೀನಿನಿಂದ ಹತ್ತಿ ಮಂಗನವರೆಗೆ ಬಂದ. “ಈ ಮಂಗ್ಯಾನ ಹೊಟ್ಟೀಲೆ ಮನಶ್ಯಾ ಬಂದ. ಮಂಗ್ಯಾ ನಮ್ಮ ಮುತ್ತಜ್ಜ,” ಎಂದ.

ಅವನ ಪರವಾಗಿ ಮಾತಾಡಬೇಕೆಂದೇ ಮುಂದೆ ಕೂತಿದ್ದ ರುದ್ರವ್ವ ಹಣೆ ಗಂಟಿಕ್ಕಿದಳು. “ಮಾಸ್ತರ, ಸಿಟ್ಟಾಗಬ್ಯಾಡ್ರಿ. ಮಂಗ್ಯಾಗೋಳು ಮನಶ್ಯಾರ ಆದ್ವು ಅಂದ್ರ, ನಿಮ್ಮ ರಾಣಿಬಾಗನ್ಯಾಗ ಕಡ್ಲಿ ತಿಂದ್ಕೊಂತ ಕುಂತಾವಲ್ಲ, ಅವು ಯಾಕ ಇನ್ನೂ ಮಂಗ್ಯಾ ಆಗೇ ಕುಂತಾವ್ರಿ? ಅವಕ್ಕ ಮ್ಯಾಲಿನ ಮೆಟ್ಲ ಯಾರು ಹಿಡಿದಾರ?”

ಕೋಣೆಯಲ್ಲಿ ನಗೆ ಎದ್ದಿತು, ಎದ್ದಷ್ಟೇ ಬೇಗ ಕೂತಿತು. ಎಲ್ಲರೂ ದಾನಪ್ಪನ ಬಾಯಿ ನೋಡಿದರು. ಅವನು ಪಟ ನೋಡಿದ. ಒಂದು ಮಾತು ಗಡುಸಾಗಿ ಆಡಿದರೆ ಸಾಕಿತ್ತು. ನಿನಗದು ತಿಳಿಯದು, ಮುಂದೆ ಹೇಳುತ್ತೇನೆ ಎಂದರೆ ರುದ್ರವ್ವ ಕೈ ಮುಗಿದು ಕೂಡುತ್ತಿದ್ದಳು. ನಾಲಿಗೆಯ ತುದಿಗೆ ಬಂದ ಆ ಮಾತನ್ನು ಅವನು ನುಂಗಿದ.

“ಅಕ್ಕಾ, ನನಗ ಗೊತ್ತಿಲ್ಲ,” ಎಂದ. “ನೀ ಕೇಳಿದ್ದು ಖರೇ ಐತಿ. ನನ್ನ ಪಟದಾಗ ಎಲ್ಲೋ ತಪ್ಪೈತಿ.”

ಪೂವಪ್ಪ ತೊಡೆ ತಟ್ಟಿದ. “ಬಿದ್ದರು ಗುರುಗಳು! ಇನ್ನು ಬೀಗ ಹಾಕುವುದೇ ಅಲ್ವಾ ಅಯ್ಯನವರೆ?”

“ಅಯ್ಯನವರ, ಎಂಟು ದಿನ ಕೊಡ್ರಿ,” ಎಂದ ದಾನಪ್ಪ. ಧ್ವನಿ ಸಣ್ಣದಾಗಿತ್ತು, ಆದರೆ ತಲೆ ತಗ್ಗಿರಲಿಲ್ಲ. ಚನ್ನಬಸಯ್ಯ ಅವನನ್ನು ದಿಟ್ಟಿಸಿ ನೋಡಿ, ಕೊಟ್ಟ. ಪಾಠದವರು ಅವತ್ತೂ ಎದ್ದು ನಿಂತು ತಮ್ಮ ಮಾತನ್ನು ಹೇಳಿಯೇ ಚದುರಿದರು.

ಆ ವಾರ ದಾನಪ್ಪ ಪಂಜರದ ಮುಂದೆ ಕೂತು ಮಂಗಗಳನ್ನು ಮೊದಲ ಸಲ ನೋಡುವವನಂತೆ ನೋಡಿದ. ಒಂದು ಪಂಜರದಲ್ಲಿ ಕೆಂಪು ಮೋರೆಯವು, ಪಕ್ಕದ್ದರಲ್ಲಿ ಕಪ್ಪು ಮೋರೆಯ ಮುಸುವಗಳು. ಇವು ಅವುಗಳ ಮಕ್ಕಳಲ್ಲ, ಅವು ಇವುಗಳ ಮಕ್ಕಳಲ್ಲ. ಹಾಗಿದ್ದೂ ಮುಖ ನೋಡಿದರೆ ಒಂದೇ ಮನೆತನ. ಊರಿನಲ್ಲಿ ಅವನ ದೊಡ್ಡಪ್ಪನ ಮಕ್ಕಳು ಕುರಿ ಕಾಯುತ್ತಿದ್ದರು; ಅವನು ಮುಂಬಯಿಗೆ ಬಂದ. ಅವರು ಅವನ ಅಜ್ಜಂದಿರೇನು? ಅಜ್ಜ ಒಬ್ಬನೇ, ಅವನು ಎಂದೋ ಮಣ್ಣಾದ. ಉಳಿದವರು ಅಣ್ಣತಮ್ಮಂದಿರು. ದಾನಪ್ಪ ಬಕೆಟ್ಟು ಅಲ್ಲೇ ಬಿಟ್ಟು ಎದ್ದು ನಿಂತ.

ಆದರೆ ಹೊಳೆದದ್ದು ನಿಜವೇ ಎಂದು ನೋಡಬೇಕಲ್ಲ. ಪಾಳಿ ಮುಗಿದ ಮೇಲೆ ಮೂರು ದಿನ ಫೋರ್ಟಿನ ಫುಟ್‌ಪಾತು ತಡಕಿ, ಅದೇ ಪುಸ್ತಕದ ಹರಿಯದ ಪ್ರತಿ ಹುಡುಕಿದ. ಕಿತ್ತುಹೋಗಿದ್ದ ಹಾಳೆಗಳಲ್ಲೇ ಇತ್ತು ಆ ಮಾತು: ಏಣಿಯಲ್ಲ, ಮರ. ಅಂಗಡಿಯ ಮುಂದೆಯೇ ನಿಂತು ಓದಿ ದಾನಪ್ಪ ಹೋ ಎಂದು ಕೂಗಿದ, ಅಂಗಡಿಯವನು ಹೌಹಾರಿದ. ಮನೆಗೆ ಬಂದವನೇ ಪಟವನ್ನು ಚಾಳಿನ ನಲ್ಲಿಯ ಕೆಳಗೆ ಹಿಡಿದು ಉಜ್ಜಿದ. ಏಣಿ ಹೋಯಿತು, ವಿಭೂತಿಯೂ ಹೋಯಿತು. ಕುಂಕುಮದ ಕಲೆ ಮಾತ್ರ ಚಂದ್ರವ್ವ ಸೋಡಾ ಹಾಕಿ ತಿಕ್ಕಿದರೂ ಹೋಗಲಿಲ್ಲ.

ಮುಂದಿನ ಭಾನುವಾರ ಜನ ಕಿಟಕಿಗೂ ಜೋತು ಬಿದ್ದಿದ್ದರು. ದಾನಪ್ಪ ಬರಿಯ ಬಟ್ಟೆಯನ್ನು ಗೋಡೆಗೆ ತೂಗಿಹಾಕಿದ.

“ನಾ ತಪ್ಪು ಕಲಿಸಿದೆ,” ಎಂದು ಶುರು ಮಾಡಿದ. “ನನ್ನ ಪುಸ್ತಕದಾಗ ಹನ್ನೆರಡು ಹಾಳಿ ಇರಲಿಲ್ಲ. ಇಲ್ಲದ್ದನ್ನ ಇಲ್ಲ ಅನಲಿಲ್ಲ, ನಾನ ಹುಟ್ಟಿಸಿದೆ. ಹೂವಿನ ಮಾಲಿ ಕಂಡು ಹಿಗ್ಗಿದೆ, ಅದೂ ತಪ್ಪು. ರುದ್ರಕ್ಕ ಕೇಳದೆ ಇದ್ದಿದ್ರ ಸಾಯೂತನಕ ಏಣಿ ಹತ್ತತಿದ್ದೆ.” ಇದ್ದಿಲು ಹಿಡಿದು ಎಲ್ಲರ ಮುಂದೆ ಒಂದು ಮರ ಬರೆದ. ಒಂದು ಬೊಡ್ಡೆ, ಹತ್ತು ಕೊಂಬೆ. ಒಂದು ಕೊಂಬೆಯಲ್ಲಿ ಮೀನು, ಒಂದರಲ್ಲಿ ಕಪ್ಪೆ. ತುದಿಯ ಕೊಂಬೆ ಒಡೆದು ಎರಡಾದ ಕಡೆ ಒಂದರಲ್ಲಿ ಮಂಗ, ಇನ್ನೊಂದರಲ್ಲಿ ಮನುಷ್ಯ. ಇಬ್ಬರೂ ಒಂದೇ ಎತ್ತರದಲ್ಲಿ. “ಅಜ್ಜ ಇಲ್ಲಿ, ಕವಲಿನ್ಯಾಗ. ಅಂವ ಈಗಿಲ್ಲ. ಪಂಜರದಾಗಿನ್ವು ನಮ್ಮ ದಾಯಾದ್ರು. ಅವು ಅವುಗಳ ದಾರಿ ಹಿಡಿದ್ವು, ನಾವು ನಮ್ಮದು.”

“ಹಾಂ, ಈಗ ಕೂಡಿತು ನೋಡ್ರಿ!” ಎಂದಳು ರುದ್ರವ್ವ, ಭಾರ ಇಳಿಸಿದವಳ ಹಾಗೆ.

ಚನ್ನಬಸಯ್ಯ ಮೂಗು ಒರೆಸಿಕೊಂಡು ಎದ್ದ. ಅಂಗಿಯೊಳಗೆ ಕೈ ಹಾಕಿ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿದ.

“ಇದು ನನ್ನ ಪ್ರಾಣ. ಯಾರು ಏನ ಕೇಳಿದ್ರೂ ಇದನ್ನ ನಾ ಬದಲ ಮಾಡಂಗಿಲ್ಲ. ನಂಬಿಕಿ ಅಂದ್ರ ಅದು, ಅದಕ್ಕ ನಾ ನಾಚೂದೂ ಇಲ್ಲ. ಇವನ ಪಟ ಹಂಗಲ್ಲ. ಒಂದು ಹೆಣ್ಮಗಳು ಒಂದು ಮಾತು ಕೇಳಿದ್ಲು, ಎಂಟು ದಿನದಾಗ ತೊಳೆದು ಹೊಸಾದು ಬರದ. ಬರದಂವ ತಾನ ‘ತಪ್ಪಾತು’ ಅಂದ. ಪೂವಪ್ಪಾ, ನಿನ್ನ ಭಜನಿ ಸಾಲು ಹಿಂಗ ತೊಳೀತೀಯೇನು?”

“ತೊಳೆದರೆ ನಮ್ಮವರು ನನ್ನನ್ನೇ ತೊಳೀತಾರೆ ಅಯ್ಯನವರೆ,” ಎಂದ ಪೂವಪ್ಪ. ಕೋಣೆಯೆಲ್ಲ ಗೊಳ್ಳೆಂದಿತು; ಅವನೂ ನಕ್ಕ.

“ಹಂಗಾರ ಈ ಪಾಠ ಮತ ಅಲ್ಲ. ಕೋಣಿ ಪಾಠದ್ದು.” ಚಪ್ಪಾಳೆ ಬೀಳುವ ಮೊದಲೇ ಚನ್ನಬಸಯ್ಯ ಕೈ ಎತ್ತಿದ. “ನಿಂದರ್ರಿ. ಕಡೀಕ ಎದ್ದು ಒಂದು ಮಾತು ಅಂತೀರಲ್ಲ. ನಾ ಹೋದ ವಾರ ನೋಡೀನಿ, ಅರ್ಧ ಮಂದಿ ಕಣ್ಣು ಮುಚ್ಚಿ ಅಂತೀರಿ. ಅದು ಮಂತ್ರ ಆಗೇತಿ. ಪೂವಪ್ಪ ಹೇಳಿದ್ರಾಗ ಅಷ್ಟು ಖರೇ. ಅನ್ನೂದು ಬಿಡ್ರಿ. ಮಾಡೂದು ಬಿಡಬ್ಯಾಡ್ರಿ.”

ತನ್ನ ಕೈಯಾರೆ ಕಟ್ಟಿದ ಮಾತು ಅದು. ದಾನಪ್ಪನಿಗೆ ಒಂದು ಗಳಿಗೆ ಚುಚ್ಚಿತು. ಆಮೇಲೆ, ಮಂಚದ ಪಕ್ಕ ಕೂತ ಇಪ್ಪತ್ತು ದಿನದಲ್ಲಿ ಆ ಮಾತನ್ನು ಯಾರೂ ಒಮ್ಮೆಯೂ ಅಂದಿರಲಿಲ್ಲ ಎಂಬುದು ನೆನಪಾಯಿತು. “ಆತ್ರಿ, ಬಿಟ್ಟಿವಿ,” ಎಂದ. ಆಗ ಬಿದ್ದ ಚಪ್ಪಾಳೆಗೆ ಮೇಲಿನ ಮಹಡಿಯ ಹೆಂಗಸರು ಏನಾಯಿತೆಂದು ಮೆಟ್ಟಿಲಿಳಿದು ಬಂದರು.

ದಾನಪ್ಪ ಇದ್ದಿಲನ್ನು ರುದ್ರವ್ವನ ಕೈಗಿಟ್ಟ. “ಬರಿ ಅಕ್ಕಾ, ಕೆಳಗ. ತಿದ್ದಿದವರ ಹೆಸರು.”

ಐವತ್ತೆರಡು ವರ್ಷದ ರುದ್ರವ್ವ, ಗಿರಣಿಯ ಪಗಾರದ ಪುಸ್ತಕಕ್ಕೆ ಅಲ್ಲಿಯತನಕ ಹೆಬ್ಬೆಟ್ಟು ಒತ್ತಿದವಳು, ನಾಲಿಗೆ ಕಚ್ಚಿಕೊಂಡು, ಒತ್ತಕ್ಷರಕ್ಕೆ ಎರಡು ಸಲ ತಿಣುಕಿ, ನಲವತ್ತು ಮಂದಿಯ ಮುಂದೆ ತನ್ನ ಹೆಸರು ಬರೆದಳು.

ಆಮೇಲೆ ಆ ಬಟ್ಟೆಯ ಕೆಳಗೆ ಹೆಸರುಗಳು ಏರುತ್ತಲೇ ಹೋದವು. ದಾನಪ್ಪ ರಾಣಿಬಾಗಿನಿಂದ ನಿವೃತ್ತನಾಗುವ ಹೊತ್ತಿಗೆ ಹೆಸರುಗಳನ್ನು ಹಾಗೇ ಉಳಿಸಿ ಅದೇ ಮರವನ್ನು ಏಳು ಸಲ ತೊಳೆದು ಬರೆದಿದ್ದ; ಪ್ರತಿ ಸಲ ತೊಳೆಯುವಾಗಲೂ ಮದುವೆಗೆ ಹೊರಟವನಂತೆ ಮೀಸೆ ತಿರುವುತ್ತಿದ್ದ. ಎರಡನೆಯ ಹೆಸರು ಪೂವಪ್ಪನದು. ಕಿಟಕಿಯ ಹೊರಗೇ ನಿಂತು ನೋಡುತ್ತಿದ್ದವನು ಒಂದು ಭಾನುವಾರ ತಡೆಯಲಾರದೆ ಒಳಗೆ ನುಗ್ಗಿದ್ದ.

“ಎಂಥ ಮೀನು ಮಾರಾಯ್ರೆ ಇದು? ಕಿವಿರನ್ನು ಬಾಲದ ಹತ್ತಿರ ಬರೆದಿದ್ದೀರಿ! ಬಂಗುಡೆ ಕಂಡದ್ದೇ ಇಲ್ವಾ ನೀವು? ತನ್ನಿ ಇಲ್ಲಿ ಇದ್ದಿಲು.”

ದಾನಪ್ಪ ಎರಡೂ ಕೈಯಿಂದ ಇದ್ದಿಲು ಕೊಟ್ಟ.