ಮುಂದಿನ ಸೀಟಿನ ತಾಯಿ

ಈ ಬೆನ್ನು ನೋವು ಇಟ್ಕೊಂಡು ಬಸ್ಸಲ್ಲಿ ಕೋಲಾರದ ಆಸ್ಪತ್ರೆಗೆ ಹೋಗಿಬರೋದೇ ನನಗೆ ಆಗ್ತಿರಲಿಲ್ಲ. ಅದಕ್ಕೇ ನನ್ನ ಮಗ ವೆಂಕಟೇಶ ಮುಳಬಾಗಿಲಲ್ಲಿ ಒಬ್ಬರು ಮಾರೋಕಿಟ್ಟಿದ್ದ ದೊಡ್ಡ ಕಾರು ನೋಡಿ ಬಂದಿದ್ದ. "ನಿನ್ ಬೆನ್ನಿಗೆ ಒಗ್ಗಿದ್ರೆ ಮಾತ್ರ ತಗೊಳ್ಳೋದು ಕಣಮ್ಮ" ಅಂತ ನನ್ನನ್ನೂ ಕರ್ಕೊಂಡು ಹೋದ.

ಹಸು ಕೊಳ್ಳುವಾಗ ಬೆನ್ನು ಸವರೋ ಹಾಗೆ ಕಾರನ್ನೂ ಒಂದ್ಸಲ ಸವರಿ, ಮುಂದಿನ ಸೀಟಲ್ಲಿ ಕೂತೆ. ಬಾಗಿಲು ಹಾಕಿದರೆ ಹೊರಗಿನ ಸದ್ದೇ ಇಲ್ಲ. ವೆಂಕಟೇಶ ಯಾವುದೋ ಗುಂಡಿ ಒತ್ತಿದ. ಸೀಟು ತಾನಾಗೇ ಮುಂದೆ ಸರಿದು, ಮೇಲೆದ್ದು, ನನ್ನ ಸೊಂಟದ ಹಿಂದೆ ಯಾರೋ ಅಂಗೈ ಇಟ್ಟ ಹಾಗೆ ಉಬ್ಬಿತು. ಆಮೇಲೆ ಬೆಚ್ಚಗಾಯಿತು, ಈಗಷ್ಟೇ ಯಾರೋ ಎದ್ದು ಹೋದ ಜಾಗದ ಹಾಗೆ. ಮೈ ಜುಂ ಅಂತು.

"ಇದು ಯಾರ ಅಳತೆ ಸ್ವಾಮಿ?" ಅಂದೆ.

ಕಾರಿನ ಯಜಮಾನರು ಕಿಟಕಿಗೆ ಬಗ್ಗಿದರು. "ನಮ್ಮ ತಾಯೀದು. ಅವರು ಹೆಂಗೆ ಕೂರ್ತಿದ್ರೋ ಹಂಗೇ ಸೀಟು ನೆನಪಿಟ್ಟುಕೊಂಡಿದೆ. ಅವರು ಹೋದ ಮೇಲೂ ಅದನ್ನ ಅಳಿಸೋಕೆ ಕೈ ಬರಲಿಲ್ಲ."

ವೆಂಕಟೇಶನ ಮುಖ ಬಿಳಿಚಿಕೊಂಡಿತು. "ಇಳಿಯಮ್ಮ, ಬೇಡ ಈ ಕಾರು."

ನಾನು ಇಳಿಯಲಿಲ್ಲ. ಎಷ್ಟೋ ತಿಂಗಳಾದ ಮೇಲೆ ನೋವಿಲ್ಲದೆ ಕೂತಿದ್ದೆ. "ಸುಮ್ನಿರೋ, ಆಯಮ್ಮಂಗೂ ನನ್ನಂಗೇ ಬೆನ್ನು ನೋವಿತ್ತು ಅಂತ ಕಾಣುತ್ತೆ" ಅಂದೆ.

ಕಾರು ಈಗ ನಮ್ಮನೇಲಿದೆ. ಆ ತಾಯಿ ಆಂಧ್ರದ ಕಡೆಯವರಂತೆ. ಅದಕ್ಕೇ ಹತ್ತುವಾಗೆಲ್ಲ ನಾನು ತೆಲುಗಲ್ಲೇ, "ಕೊಂಚೆಂ ಜರುಗಮ್ಮಾ" ಅಂತ ಜಾಗ ಕೇಳ್ತೀನಿ. ಸೀಟು ಸರಿಯುತ್ತೆ. ಗುಂಡಿ ಒತ್ತಿದ್ದು ನಾನಲ್ಲ ಅಂತಾನೆ ವೆಂಕಟೇಶ. ಮತ್ಯಾರು ಒತ್ತಿದ್ದು ಅಂತ ನಾನೂ ಕೇಳೋದು ಬಿಟ್ಟಿದ್ದೀನಿ.