ತಣ್ಣನೆಯ ಕೋಣೆಯ ಓಡುವ ಅಂಕಿಗಳು

ರಾಯಚೂರಿನ ಆ ಹತ್ತಿ ಕಂಪನಿಯ ಆಫೀಸಿನಲ್ಲಿ ಎ.ಸಿ. ಇದ್ದುದು ಒಂದೇ ಕೋಣೆಗೆ. ಅದೂ ಮನುಷ್ಯರಿಗಾಗಿ ಅಲ್ಲ, ಎಂಬತ್ತೆಂಟರಲ್ಲಿ ಬಂದಿಳಿದ ಕಂಪ್ಯೂಟರಿಗಾಗಿ. ಆಪರೇಟರ್ ಅಯ್ಯಣ್ಣ ಅದರ ನೆರಳಿನಲ್ಲಿ ಪುಕ್ಕಟೆ ತಂಪಾಗುತ್ತಿದ್ದ ಪ್ರಾಣಿ. ಚಪ್ಪಲಿ ಹೊರಗೆ ಬಿಟ್ಟು ಅವನೊಬ್ಬನೇ ಒಳಗೆ ಹೋಗಬಹುದಿತ್ತು; ಮ್ಯಾನೇಜರೂ ಬಾಗಿಲಿನ ಗಾಜಿನಿಂದ ಇಣುಕಿ ಹೋಗುತ್ತಿದ್ದರು.

ಪೋತ್ನಾಳದಿಂದ ಬಂದ ಅಯ್ಯಣ್ಣನಿಗೆ ಮೈಯೆಲ್ಲ ಸೋಮಾರಿತನ, ತಲೆ ಮಾತ್ರ ಚುರುಕು. ಮಾನ್ವಿ, ದೇವದುರ್ಗ ಗೋದಾಮುಗಳ ಹೆಸರನ್ನು ದಿನವಿಡೀ ಟೈಪ್ ಮಾಡುವ ಬದಲು ಒಂದು ಗುಂಡಿ ಒತ್ತಿದರೆ ಊರೇ ಬಂದು ಕೂರುವಂತೆ ಪುಟ್ಟ ಪ್ರೋಗ್ರಾಂ ಬರೆದ. ಕರೆಂಟು ಹೋಗುವ ಮೊದಲೇ ಕೆಲಸ ಉಳಿಸಿಕೋ ಎಂದು ಆಗಾಗ ಕುಂಯ್‌ಗುಡುವ ಇನ್ನೊಂದನ್ನೂ ಬರೆದ. ಇವೆರಡೂ ಸೇರಿ ದಿನದ ಕೆಲಸವನ್ನು ಮಧ್ಯಾಹ್ನಕ್ಕೇ ಮುಗಿಸಿಬಿಟ್ಟವು. ಅದು ಗೊತ್ತಾದರೆ ಹೊರಗಿನ ಝಳದಲ್ಲಿ ಬೇರೆ ಕೆಲಸಕ್ಕೆ ಕೂರಿಸುತ್ತಾರಲ್ಲ! ಹಾಗಾಗಿ ಮೂರನೆಯದು ಹುಟ್ಟಿತು: ಪರದೆಯ ತುಂಬ ಅಂಕಿಗಳು ಸುಮ್ಮನೆ ಓಡುತ್ತಲೇ ಇರುವಂಥದು. ಅದರ ಮುಂದೆ ಗಲ್ಲಕ್ಕೆ ಕೈಕೊಟ್ಟು ತೂಕಡಿಸಿದರೂ ಗಾಜಿನಾಚೆಯವರಿಗೆ ಭಾರೀ ಲೆಕ್ಕ ನಡೆದಂತೆ ಕಾಣುತ್ತಿತ್ತು.

ಮೇ ತಿಂಗಳ ಒಂದು ಮಧ್ಯಾಹ್ನ ಬಾಗಿಲಾಚೆ ಕೊಡ ಬಿದ್ದ ಸದ್ದಾಯಿತು. ಆಫೀಸಿಗೆ ನೀರು ಹೊರುವ ಗೋಪಮ್ಮ ಗೋಡೆಗೊರಗಿ ಕುಸಿದಿದ್ದಳು. ಅಯ್ಯಣ್ಣ ಅವಳನ್ನು ಹಿಡಿದೆತ್ತಿ ಒಳಗೆ ಕರೆತಂದ.

"ಬ್ಯಾಡ ಯಪ್ಪಾ, ಮಂದಿ ಒಳಗ ಬಂದ್ರ ಮಷೀನು ಕೆಡ್ತದ. ಆವತ್ತು ಒಂದು ಗಳಿಗಿ ಕುಂದರ್ತೀನಿ ಅಂದಾಗ ನೀನೇ ಹೇಳಿದ್ದಿ."

ಹೇಳಿದ್ದು ನಿಜ. ಗದರಿಸಿಯೇ ಹೇಳಿದ್ದ.

"ಕೆಟ್ರ ಕೆಡಲಿ ಯವ್ವಾ, ಕುಂದ್ರು. ನೀರು ಕುಡಿ."

ಗುಟುಕರಿಸುತ್ತಲೇ ಗೋಪಮ್ಮ ಪರದೆ ನೋಡಿದಳು. "ಎಷ್ಟು ಓಡಾಕತ್ತದ! ನನ್ನ ಸಲುವಾಗಿ ನಿನ್ನ ಕೆಲಸ ನಿಂದರಬಾರದು. ನಾ ಹೊರಗ ಹೋಗ್ತೀನಿ."

ಎದ್ದೇಬಿಟ್ಟಳು. ಮತ್ತೆ ಆ ಬಿಸಿಲಿಗೆ ಹೋದರೆ ಮುದುಕಿ ಉಳಿಯುವಂತಿರಲಿಲ್ಲ. ಅದು ಕೆಲಸವೇ ಅಲ್ಲ ಎಂಬ ಮಾತು ಅಯ್ಯಣ್ಣನ ಗಂಟಲಿನವರೆಗೆ ಬಂತು. ಇನ್ನೂ ಉಳಿದಿದ್ದ ಬೇಸಿಗೆ ನೆನಪಾಗಿ ಮಾತನ್ನು ನುಂಗಿ, ಗುಂಡಿ ಒತ್ತಿದ. ಅಂಕಿಗಳು ನಿಂತವು.

"ಮುಗೀತು ನೋಡು. ಸಂಜೀತನಕ ಇಲ್ಲೇ ಕುಂದ್ರು."

ಗೋಪಮ್ಮ ಬೆರಗಾಗಿ ಕುಳಿತಳು. "ಅಷ್ಟೆಲ್ಲಾ ನನ್ನ ಸಲುವಾಗಿ ಲಗೂನ ಮುಗಿಸಿದೆಲ್ಲೋ ನನ ಮಗನ! ಎಷ್ಟು ತ್ರಾಸಾತೋ ಏನೋ."

ಅಯ್ಯಣ್ಣ ತಲೆ ತಗ್ಗಿಸಿದ. ದಣಿದಿದ್ದಾನೆಂದುಕೊಂಡು ಆಕೆ ಆ ತಣ್ಣನೆಯ ಕೋಣೆಯಲ್ಲಿ ತನ್ನ ಒದ್ದೆ ಸೆರಗಿನಿಂದ ಅವನಿಗೆ ಗಾಳಿ ಹಾಕತೊಡಗಿದಳು.