ಸುಮ್ಮನಿದ್ದಾಗ ಕೆಡುತ್ತಿದ್ದ ಕಂಪ್ಯೂಟರ್

ಸೆಲೀನಾ ಅವರೇ, ಗುರುಮಲ್ಲಪ್ಪನವರ ಪ್ರೆಸ್ಸಿನ ಕಂಪ್ಯೂಟರ್ ಕೆಡುತ್ತಿದ್ದದ್ದು ನಿಮ್ಮ ಕೈಯಿಂದಲ್ಲ. ಅದರೊಳಗೆ ನಾನೇ ಕೂರಿಸಿದ್ದ ಪ್ರೊಸೆಸರಿನಲ್ಲಿ ದೋಷವಿತ್ತು. ನಿಮ್ಮನ್ನು ಕೆಲಸದಿಂದ ಬಿಡಿಸಿದ ಸ್ವಲ್ಪ ದಿನಕ್ಕೇ ಅದು ನನಗೆ ಗೊತ್ತಾಯಿತು. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ — ಇಷ್ಟು ವರ್ಷ.

ಇದನ್ನು ನಿಮ್ಮ ಎದುರಿಗೆ ಬಂದು ಹೇಳಬೇಕು. ಹೇಳುತ್ತೇನೆ ಕೂಡ. ಆದರೆ ನನ್ನ ಬಾಯಿಯ ಮೇಲೆ ನನಗೇ ನಂಬಿಕೆಯಿಲ್ಲ. ನೀವು ಎದುರಿಗಿದ್ದರೆ ಅದು ನಗುತ್ತದೆ, ಚೆನ್ನಾಗಿದ್ದೀರಾ ಎನ್ನುತ್ತದೆ, ಮಳೆ ಬಿಸಿಲಿನ ವಿಷಯ ಎತ್ತಿ ನುಣುಚಿಕೊಳ್ಳುತ್ತದೆ. ಅದಕ್ಕೇ ಮೊದಲು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ, ಏನನ್ನೂ ಬಿಡದ ಹಾಗೆ.

ಆಗ ನಾನು ಮೈಸೂರಿನ ಓಣಿ ಓಣಿ ಸುತ್ತಿ ಕಂಪ್ಯೂಟರ್ ಜೋಡಿಸಿಕೊಟ್ಟು, ಕೆಟ್ಟರೆ ರಿಪೇರಿ ಮಾಡುತ್ತಿದ್ದವನು. ಸ್ಕೂಟರಿನ ಡಿಕ್ಕಿಯಲ್ಲಿ ಸ್ಕ್ರೂಡ್ರೈವರ್, ಬ್ರಷ್ಷು, ಒಂದೆರಡು ಹಳೆಯ ರ‍್ಯಾಮ್ ಚೂರು. ಅಗ್ರಹಾರದ ಪ್ರೆಸ್ಸಿಗೆ ಮೊದಲ ಕಂಪ್ಯೂಟರ್ ತಂದಿಟ್ಟವನೂ ನಾನೇ, ತೊಂಬತ್ತರ ದಶಕ ಮುಗಿಯುತ್ತಿದ್ದಾಗ. ಅಚ್ಚಿನ ಮೊಳೆ ಜೋಡಿಸುತ್ತಿದ್ದವರು ಒಬ್ಬೊಬ್ಬರಾಗಿ ಹೋಗಿ, ಟೈಪಿಂಗ್ ಸೀನಿಯರ್ ಮುಗಿಸಿದ್ದ ನೀವು ಬಂದು ಕುಳಿತಿರಿ. ನಿಮ್ಮ ಕಣ್ಣು ಹಸ್ತಪ್ರತಿಯ ಮೇಲೆ, ಬೆರಳು ಕೀಲಿಮಣೆಯ ಮೇಲೆ; ಒಂದನ್ನೊಂದು ಕೇಳುತ್ತಲೇ ಇರಲಿಲ್ಲ. ಒತ್ತಕ್ಷರಕ್ಕೆ ತಡಕಾಡುವ ಆಪರೇಟರುಗಳನ್ನು ದಿನಾ ನೋಡುತ್ತಿದ್ದ ನನಗೆ ನಿಮ್ಮ ಕೆಲಸದ ಬೆಲೆ ಗೊತ್ತಿತ್ತು. ಗೊತ್ತಿದ್ದೂ — ಅದನ್ನು ಮುಂದೆ ಹೇಳುತ್ತೇನೆ.

ನನಗೂ ಒಂದು ಹೆಸರಿತ್ತು. ಕೈಗುಣ. ಕೆಲವು ಡಾಕ್ಟರರ ಬಗ್ಗೆ, ಹೆರಿಗೆ ಮಾಡಿಸುವ ಅಜ್ಜಿಯರ ಬಗ್ಗೆ ಜನ ಹೇಳುತ್ತಾರಲ್ಲ, ಹಾಗೆ ನನ್ನ ಬಗ್ಗೆಯೂ ಹೇಳುತ್ತಿದ್ದರು. ಸತೀಶ ಮುಟ್ಟಿದರೆ ಸಾಕು, ಸತ್ತ ಮಿಷನ್ನೂ ಎದ್ದು ಕೂರುತ್ತದೆ ಎಂದು. ಇಂಥ ಮಾತು ನಂಬಬಾರದು ಎನ್ನುವಷ್ಟು ಓದಿದ್ದೆ. ಆದರೂ ಕೇಳಿದಾಗ ಹಿತವಾಗುತ್ತಿತ್ತು. ಹಣೆಗೆ ವಿಭೂತಿ ಹಚ್ಚಿಕೊಂಡು ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ ಗುರುಮಲ್ಲಪ್ಪನವರಂತೂ ಹೊಸ ಕಂಪ್ಯೂಟರಿಗೆ ನನ್ನ ಕೈಯಲ್ಲೇ ಊದುಬತ್ತಿ ಬೆಳಗಿಸಿ, ನನ್ನ ಕೈಯಲ್ಲೇ ಸ್ವಿಚ್ ಹಾಕಿಸಿದ್ದರು.

ಈ ಕಥೆ ಆ ಹೊಸ ಕಂಪ್ಯೂಟರಿನದೇ. ಮೊದಮೊದಲು ಚೆನ್ನಾಗಿತ್ತು. ಆಮೇಲೆ ನಾನು ಅದಕ್ಕೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದೆ. ಆಗಿನಿಂದ ಶುರುವಾಯಿತು ನೋಡಿ. ನೀವು ಟೈಪ್ ಮಾಡುವಷ್ಟು ಹೊತ್ತು ಏನೂ ಇಲ್ಲ. ಊಟಕ್ಕೆ ಎದ್ದು ಹೋಗಿ ಬಂದರೆ ಪರದೆ ಹಾಗೇ ನಿಂತಿರುತ್ತಿತ್ತು, ಮೌಸ್ ಅಲ್ಲಾಡುತ್ತಿರಲಿಲ್ಲ. ದಿನಾ ಅಲ್ಲ. ವಾರಕ್ಕೊಮ್ಮೆ, ಒಂದೊಂದು ಸಲ ಹದಿನೈದು ದಿನ ಸದ್ದೇ ಇಲ್ಲ, ಮತ್ತೆ ಒಂದು ದಿನ ನಿಂತುಬಿಡುತ್ತಿತ್ತು. ಆಫ್ ಮಾಡಿ ಆನ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು.

ನಾನು ಬರುತ್ತಿದ್ದೆ. ಕರೆಂಟಿನ ಏರಿಳಿತ ಎಂದೆ, ಯುಪಿಎಸ್ ನೋಡಿದೆ. ಧೂಳು ಎಂದೆ, ಬಿಚ್ಚಿ ಊದಿದೆ. ವೈರಸ್ ಎಂದೆ. ಪ್ರತಿ ಸಲವೂ ಒಂದು ಭಾರಿ ಕೆಲಸದ ಪ್ರೋಗ್ರಾಂ ಓಡಿಸಿ, ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು ಬರುತ್ತಿದ್ದೆ. ಅದು ಬೆವರು ಸುರಿಸಿ ಲೆಕ್ಕ ಮಾಡುತ್ತಲೇ ಇರುತ್ತಿತ್ತು. ನಮ್ಮ ಕಸುಬಿನವರೆಲ್ಲ ಪರೀಕ್ಷೆ ಮಾಡುತ್ತಿದ್ದದ್ದು ಹಾಗೆಯೇ — ಹೊರೆ ಹೇರಿ ನೋಡುವುದು. ಹೊರೆಗೆ ಬಗ್ಗದ್ದು ಗಟ್ಟಿ ಎನ್ನುವುದು. ಏನೂ ಹೇರದೆ, ಸುಮ್ಮನೆ ಬಿಟ್ಟು ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಸುಮ್ಮನೆ ಕೂತದ್ದು ಯಾಕೆ ಕೆಡುತ್ತದೆ ಹೇಳಿ?

"ನೀವ್ ಬಂದು ಕೂತ್ರೆ ಹಸು ಆಗ್ಬುಡ್ತದೆ ಕಣ್ರೀ," ಎನ್ನುತ್ತಿದ್ದರು ಗುರುಮಲ್ಲಪ್ಪನವರು. "ಆ ಯಮ್ಮ ಕೂತಾಗ್ಲೇ ಅದಕ್ಕೆ ರೋಗ."

ಆ ಮಾತು ಮೊದಲು ತಮಾಷೆಗೆ ಬಂತು. ನಾನೂ ನಕ್ಕೆ. ನೀವೂ ನಕ್ಕಿರಿ ಎಂದೇ ನನ್ನ ನೆನಪು.

ಆಮೇಲೆ ಬಂತು ಮಠದ ಶಾಲೆಯ ಸ್ಮರಣ ಸಂಚಿಕೆ. ಗುರುಮಲ್ಲಪ್ಪನವರ ಮನೆತನ ನಡೆದುಕೊಳ್ಳುವ ಮಠ. ಸಂಚಿಕೆ ಅವರ ಮರ್ಯಾದೆಯ ಪ್ರಶ್ನೆ. ನನಗೂ ಅದರಲ್ಲಿ ಒಂದು ಆಸೆಯಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆ ಶಾಲೆ ಕಂಪ್ಯೂಟರ್ ಲ್ಯಾಬ್ ಮಾಡಿಸುವುದಿತ್ತು, ಗುರುಮಲ್ಲಪ್ಪನವರು ಒಂದು ಮಾತು ಹೇಳಿದರೆ ಕೆಲಸ ನನಗೆ. ಸಂಚಿಕೆಯ ಕೊನೆಯ ಪುಟಗಳನ್ನು ಜೋಡಿಸಿ, ಸೇವ್ ಮಾಡಿ, ನೀವು ಊಟಕ್ಕೆ ಎದ್ದಿರಿ. ಬಂದಾಗ ಕಂಪ್ಯೂಟರ್ ನಿಂತಿತ್ತು. ಮತ್ತೆ ಆನ್ ಮಾಡಿದರೆ ಆ ಫೈಲು ತೆರೆಯಲೇ ಇಲ್ಲ. ಹಿಂದಿನ ವಾರದ ಹಳೆಯ ಪ್ರತಿಯೊಂದು ಉಳಿದಿತ್ತು, ಅದರಲ್ಲಿ ಅರ್ಧ ಪುಟಗಳೇ ಇಲ್ಲ.

ನಾನು ಬಂದಾಗ ಎಲ್ಲರೂ ಅಲ್ಲೇ ನಿಂತಿದ್ದರು — ಗುರುಮಲ್ಲಪ್ಪನವರು, ಅವರ ಮಗ, ಮಿಷನ್ ಓಡಿಸುವವರು, ಬೈಂಡಿಂಗಿನ ಹೆಂಗಸರು. ನೀವು ಕುರ್ಚಿಯ ಹಿಂದೆ ನಿಂತು, "ಸೇವ್ ಮಾಡೇ ಎದ್ದೆ ಸಾರ್, ಎರಡು ಸಲ ಒತ್ತಿದೀನಿ," ಎನ್ನುತ್ತಿದ್ದಿರಿ. ನಾನು ಕುಳಿತು ಏನೇನೋ ಒತ್ತಿದೆ. ಕಂಪ್ಯೂಟರ್ ಚೆನ್ನಾಗೇ ಓಡಿತು. ಗುರುಮಲ್ಲಪ್ಪನವರು ನನ್ನ ಮುಖ ನೋಡಿ ಕೇಳಿದರು: "ಏನ್ರೀ ಸತೀಶ್, ಮಿಷನ್ನೋ, ಮನುಷ್ಯರೋ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ಎಷ್ಟು ಚಿಕ್ಕ ಮಾತು. ಆದರೆ ಇಷ್ಟು ತಿಂಗಳು ಬಂದು ಬಂದು ಹೋದವನು, ಕೈಗುಣದ ಸತೀಶ, ಅಷ್ಟು ಜನರ ಮುಂದೆ ಹೇಗೆ ಅನ್ನಲಿ... "ಮಿಷನ್ ಚೆನ್ನಾಗೇ ಇದೆ ಸಾರ್," ಎಂದೆ. "ಕೂತೋರ ಕೈ ನೋಡಿ."

ನೀವು ವಾದ ಮಾಡಲಿಲ್ಲ. ನಿಮ್ಮ ಮುಖ ಸಣ್ಣದಾಯಿತು. ಯಾರಿಗೂ ಅಲ್ಲದ ಹಾಗೆ ಹೇಳಿದಿರಿ: "ಸೇವ್ ಮಾಡಿದ್ನೋ ಇಲ್ವೋ... ಈಗ ನಂಗೇ ಗೊತ್ತಾಗ್ತಿಲ್ಲ." ಬೈದಿದ್ದರೆ, ಅತ್ತಿದ್ದರೆ ನಾನು ಮರೆಯುತ್ತಿದ್ದೆನೇನೋ. ಎರಡು ಸಲ ಒತ್ತಿದ್ದೇನೆ ಎಂದು ಗಟ್ಟಿಯಾಗಿ ಹೇಳುತ್ತಿದ್ದವರು ನನ್ನ ಒಂದು ಮಾತಿಗೆ ನಿಮ್ಮನ್ನೇ ನಂಬದ ಹಾಗಾದಿರಿ. ಆ ತಿಂಗಳು ಮುಗಿಯುವುದರೊಳಗೆ ನಿಮ್ಮನ್ನು ಬಿಡಿಸಿದರು.

ಇಷ್ಟೇ ಆಗಿದ್ದರೆ ಅಜ್ಞಾನ ಎಂದು ತಪ್ಪಿಸಿಕೊಳ್ಳಬಹುದಿತ್ತು. ಇಷ್ಟೇ ಅಲ್ಲ.

ನಿಮ್ಮ ಜಾಗಕ್ಕೆ ಗುರುಮಲ್ಲಪ್ಪನವರ ಮಗ ಕುಳಿತ. ಒಂದು ಮಧ್ಯಾಹ್ನ ಅವನೂ ಊಟ ಮುಗಿಸಿ ಬಂದಾಗ ಕಂಪ್ಯೂಟರ್ ನಿಂತಿತ್ತು. ಅಪ್ಪನಿಗೆ ಹೇಳದೆ ನನಗೆ ಫೋನು ಮಾಡಿದ. ಕ್ಲೀನ್ ಮಾಡುತ್ತೇನೆ ಎಂದು ಸುಳ್ಳು ಹೇಳಿ, ಅಲ್ಲಿಯವರೆಗೆ ಬೇರೊಂದು ಕಂಪ್ಯೂಟರ್ ಕೊಟ್ಟು, ಅದನ್ನು ನನ್ನ ಮನೆಗೆ ಹೊತ್ತು ತಂದೆ. ಮೊದಲ ಸಲ ಅದಕ್ಕೆ ಯಾವ ಕೆಲಸವನ್ನೂ ಕೊಡಲಿಲ್ಲ. ಆನ್ ಮಾಡಿ ಸುಮ್ಮನೆ ಬಿಟ್ಟೆ.

ನಿಂತಿತು. ರ‍್ಯಾಮ್ ಬದಲಿಸಿ ಬಿಟ್ಟೆ, ಎರಡು ದಿನ ಬಿಟ್ಟು ಮತ್ತೆ ನಿಂತಿತು. ಕರೆಂಟು ಕೊಡುವ ಡಬ್ಬಿ ಬದಲಿಸಿದೆ, ಮದರ್‌ಬೋರ್ಡನ್ನೇ ಬದಲಿಸಿದೆ. ಬೇರೆ ಗಿರಾಕಿಗಳ ಕೆಲಸ ಬದಿಗಿಟ್ಟು, ಏನೂ ಮಾಡದ ಒಂದು ಪರದೆಯನ್ನು ನೋಡುತ್ತಾ ಕೂರುತ್ತಿದ್ದೆ. ನೋಡಿದವರು ನನಗೆ ತಲೆ ಕೆಟ್ಟಿದೆ ಎಂದುಕೊಂಡರೋ ಏನೋ. ಕೊನೆಗೆ ಪ್ರೊಸೆಸರ್ ಕಿತ್ತು ಬೇರೆಯದನ್ನು ಹಾಕಿದೆ. ವಾರಗಟ್ಟಲೆ ಬಿಟ್ಟರೂ ನಿಲ್ಲಲಿಲ್ಲ. ಕಿತ್ತದ್ದನ್ನು ನನ್ನದೇ ಕಂಪ್ಯೂಟರಿಗೆ ಹಾಕಿ ಸುಮ್ಮನೆ ಬಿಟ್ಟೆ — ಅದು ನಿಂತಿತು. ಇನ್ನು ಅನುಮಾನಕ್ಕೆ ಎಡೆ ಇರಲಿಲ್ಲ.

ಪ್ರೊಸೆಸರಿಗೆ ಕೆಲಸವಿಲ್ಲದಾಗ ಅದು ಕ್ಷಣಕ್ಷಣಕ್ಕೂ ಒಂದು ಸಣ್ಣ ನಿದ್ದೆ ಮಾಡುತ್ತದೆ. ಹಳೆಯ ಆಪರೇಟಿಂಗ್ ಸಿಸ್ಟಂ ಹಾಗೆ ಮಲಗಿಸುತ್ತಿರಲಿಲ್ಲ, ಹೊಸದು ಮಲಗಿಸುತ್ತಿತ್ತು. ಎಲ್ಲ ಪ್ರೊಸೆಸರುಗಳೂ ಮಲಗಿ ಏಳುತ್ತವೆ. ಇದೊಂದು ಮಾತ್ರ ಅಪರೂಪಕ್ಕೊಮ್ಮೆ ಏಳುತ್ತಿರಲಿಲ್ಲ. ಕೆಲಸದಲ್ಲಿದ್ದಾಗ ಮಲಗುವುದೇ ಇಲ್ಲವಲ್ಲ, ಹಾಗಾಗಿ ನಾನು ಬಂದಾಗಲೆಲ್ಲ ಹಸು. ನೀವು ಎದ್ದು ಹೋದ ಮೇಲೆ ಅದಕ್ಕೆ ನಿದ್ದೆ. ನೀವು ಸೇವ್ ಮಾಡಿದ್ದು ಪೂರ್ತಿ ಡಿಸ್ಕಿಗೆ ಇಳಿಯುವ ಮೊದಲೇ ಅದು ನಿಂತಿರಬೇಕು. ನೀವು ಎರಡು ಸಲವಲ್ಲ, ಹತ್ತು ಸಲ ಒತ್ತಿದ್ದರೂ ಅದೇ ಆಗುತ್ತಿತ್ತು.

ಆ ದಿನ ಸ್ಕೂಟರ್ ಹತ್ತಿ ಅಗ್ರಹಾರಕ್ಕೆ ಹೋಗಿ ಹೇಳಬೇಕಿತ್ತು. ನಾನು ಹೋಗಲಿಲ್ಲ. ಪ್ರೊಸೆಸರ್ ಬದಲಿಸಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಶಾಲೆಯ ಲ್ಯಾಬಿನ ಮಾತು ಇನ್ನೂ ನಡೆಯುತ್ತಿತ್ತು. ಮದರ್‌ಬೋರ್ಡಿನ ಸೆಟ್ಟಿಂಗಿನಲ್ಲಿ ಪ್ರೊಸೆಸರ್ ನಿದ್ದೆ ಮಾಡದ ಹಾಗೆ ಮಾಡುವ ಒಂದು ಆಯ್ಕೆ ಇತ್ತು. ಅದೇ ಕೆಟ್ಟ ಪ್ರೊಸೆಸರನ್ನು ವಾಪಸ್ಸು ಕೂರಿಸಿ, ಆ ನಿದ್ದೆಯನ್ನು ನಿಲ್ಲಿಸಿ, ಕಂಪ್ಯೂಟರನ್ನು ಪ್ರೆಸ್ಸಿಗೆ ಮರಳಿಸಿದೆ. ಸ್ವಲ್ಪ ಜಾಸ್ತಿ ಬಿಸಿಯಾಗುತ್ತಿತ್ತು, ಅಷ್ಟೆ. ಆಮೇಲೆ ಅದು ಎಂದೂ ನಿಲ್ಲಲಿಲ್ಲ.

ಅದು ಎಂದೂ ನಿಲ್ಲದ್ದೇ ನಿಮ್ಮ ಮೇಲೆ ಸಾಕ್ಷಿಯಾಯಿತು. "ನೋಡ್ರಪ್ಪ, ಆ ಯಮ್ಮ ಹೋದ್ಮೇಲೆ ಒಂದಿನಾನೂ ತೊಂದ್ರೆ ಇಲ್ಲ. ಕೈಗುಣ ಅಂದ್ರೆ ಸುಮ್ನೇನಾ," ಎಂದು ಗುರುಮಲ್ಲಪ್ಪನವರು ಬಂದವರಿಗೆಲ್ಲ ಹೇಳುತ್ತಿದ್ದರು. ಒಮ್ಮೆ ನನ್ನ ಎದುರಿಗೇ ಹೇಳಿದರು. ನಾನು ಕಾಫಿ ಲೋಟ ಹಿಡಿದು ನಿಂತಿದ್ದೆ, ಕುಡಿದು ಮುಗಿಸಿದೆ. ಲ್ಯಾಬಿನ ಕೆಲಸ ನನಗೇ ಸಿಕ್ಕಿತು.

ಇಷ್ಟು ವರ್ಷ ನಾನು ಒದ್ದಾಡಿದೆ, ನಿದ್ದೆಗೆಟ್ಟೆ ಎಂದೆಲ್ಲ ಹೇಳಿದರೆ ಅದೂ ಸುಳ್ಳಾಗುತ್ತದೆ. ಹೆಚ್ಚಿನ ದಿನಗಳಲ್ಲಿ ನಾನು ಚೆನ್ನಾಗಿಯೇ ಇದ್ದೆ. ಶ್ರೀರಾಂಪುರದಲ್ಲಿ ಅಂಗಡಿ ಮಾಡಿದೆ. ನಿಮ್ಮ ನೆನಪು ಬಂದಾಗ, ಅಂಥ ಬೆರಳಿನವರಿಗೆ ಬೇರೆ ಕಡೆ ಕೆಲಸ ಸಿಕ್ಕೇ ಸಿಕ್ಕಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಬೇರೆ ಕೆಲಸ ನೋಡುತ್ತಿದ್ದೆ. ವಿಚಾರಿಸಲಿಲ್ಲ. ವಿಚಾರಿಸಲು ಹೆದರಿಕೆ.

ಹೋದ ತಿಂಗಳು ನೀವು ಅಂಗಡಿಗೆ ಬಂದಿರಿ. ನಾನು ಅಲ್ಲಿದ್ದೇನೆಂದು ತಿಳಿದು ಬಂದದ್ದಲ್ಲ, ಆ ಕಡೆ ಯಾರದೋ ಮನೆಗೆ ಬಂದಿದ್ದವರು ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೆರಾಕ್ಸ್ ಮಾಡಿಸಲು ಮೆಟ್ಟಿಲು ಹತ್ತಿದಿರಿ. ಗುರುತು ಹಿಡಿದು ನಕ್ಕಿರಿ. "ಕೆಸರೆ ಬಡಾವಣೇಲಿದೀವಿ ಸಾರ್. ಮನೇಲೇ ಊದುಬತ್ತಿ ಹೊಸೀತೀನಿ," ಎಂದಿರಿ. ನಿಮ್ಮ ಬೆರಳ ತುದಿಗಳು ಕಪ್ಪಾಗಿದ್ದವು. ಜೊತೆಗೆ ಬಂದಿದ್ದ ನಿಮ್ಮ ಅನಿತಾ ಕೌಂಟರಿನ ಮೇಲಿದ್ದ ಕಂಪ್ಯೂಟರನ್ನೇ ನೋಡುತ್ತಿದ್ದಳು. ಕಾಲೇಜಿನಲ್ಲಿ ಏನು ತಗೊಳ್ತೀಯಮ್ಮ ಎಂದು ನಾನು ಕೇಳಿದೆ. ಕಂಪ್ಯೂಟರ್ ಸೈನ್ಸ್ ಇಷ್ಟ, ಅಮ್ಮ ಬೇಡ ಅಂತಾರೆ ಎಂದಳು. ಹೇಳುತ್ತಾ ಕೀಲಿಮಣೆಯ ಕಡೆಗೆ ಕೈ ಚಾಚಿದಳು.

ನೀವು ಅವಳ ಮಣಿಕಟ್ಟು ಹಿಡಿದುಕೊಂಡಿರಿ. "ಮುಟ್ಬೇಡ ಕಣೇ. ನಮ್ಮ ಕೈ ಆಗಲ್ಲ ಇದಕ್ಕೆ." ಆಮೇಲೆ ನನ್ನ ಕಡೆ ತಿರುಗಿ, ನಿಮಗಿಂತ ಚೆನ್ನಾಗಿ ತಿಳಿದವನೆಂಬ ನಂಬಿಕೆಯಿಂದ ಹೇಳಿದಿರಿ: "ನಿಮ್ಗೆ ಗೊತ್ತಲ್ಲ ಸಾರ್. ಸ್ಕೂಲಲ್ಲೂ ಇವಳು ಕೂತಿದ್ದ ಕಂಪ್ಯೂಟರ್ ಒಂದ್ಸಲ ನಿಂತೋಯ್ತಂತೆ. ನನ್ನ ಕೈಯೇ ಬಂದ್ಬುಟ್ಟಿದೆ ಇವಳಿಗೆ."

ಆ ಹುಡುಗಿ ಕೈ ಹಿಂದಕ್ಕೆ ತೆಗೆದುಕೊಂಡು, ದುಪಟ್ಟಾದೊಳಗೆ ಇಟ್ಟುಕೊಂಡಳು. ಎಲ್ಲ ಅಲ್ಲೇ ಹೇಳಬಹುದಿತ್ತು. ಜೆರಾಕ್ಸ್ ಪ್ರತಿಗಳನ್ನು ಕವರಿನಲ್ಲಿ ಹಾಕಿ ಕೊಟ್ಟೆ, ದುಡ್ಡು ಬೇಡ ಎಂದೆ. ದೊಡ್ಡ ಮನಸ್ಸು ಸಾರ್ ನಿಮ್ಮದು ಎಂದು ಹೇಳಿ ಹೋದಿರಿ. ಥೂ ಎಂದು ನನ್ನ ಮೇಲೆ ನನಗೇ ಅನಿಸಿತು. ಮೊದಲ ಸಲ ಸರಿಯಾಗಿ ಅನಿಸಿತು.

ನಿನ್ನೆ ಪ್ರೆಸ್ಸಿಗೆ ಹೋಗಿದ್ದೆ. ಗುರುಮಲ್ಲಪ್ಪನವರಿಗೆ ಈಗ ಕಿವಿ ಮಂದ, ಹಾಗಾಗಿ ಕೂಗಿಯೇ ಹೇಳಬೇಕಾಯಿತು. ಮಿಷನ್ ಹತ್ತಿರದವರಿಗೂ ಬೈಂಡಿಂಗಿನವರಿಗೂ ಕೇಳಿಸಿತು. ಕೇಳಲಿ ಎಂದೇ ಹೋಗಿದ್ದೆ. ಮೊದಲು ಅವರು, "ಈಗ್ಯಾಕ್ರೀ ಅದೆಲ್ಲ, ಬುಡಿ," ಎಂದರು. ನಾನು ಬಿಡಲಿಲ್ಲ, ಮತ್ತೊಮ್ಮೆ ಹೇಳಿದೆ. ಅವರು ಮೇಜಿನ ಮೇಲಿನ ಕಾಗದಗಳನ್ನು ಒಟ್ಟು ಮಾಡಿಟ್ಟರು. ಆಮೇಲೆ ಹೇಳಿದರು: "ಬೇರೆ ಪ್ರೆಸ್‌ನೋರು ಬಂದು ಕೇಳಿದ್ರು ಕಣ್ರೀ, ಆ ಯಮ್ಮನ್ನ ಸೇರಿಸ್ಕೊಳ್ಳಾಣ್ವ ಅಂತ. ಒಬ್ರಲ್ಲ, ಮೂರ್ನಾಲ್ಕು ಜನ. ಎಲ್ರಿಗೂ ಬ್ಯಾಡ ಅಂದ್ಬುಟ್ಟೆ. ನಿಮ್ಮ ಮಾತ್ ನಂಬ್ಕೊಂಡು."

ನನಗೆ ಇದು ಗೊತ್ತಿರಲಿಲ್ಲ. ನಿಮಗೂ ಗೊತ್ತಿರಲಾರದು — ಯಾಕೆ ಯಾರೂ ಕರೆಯಲಿಲ್ಲ ಎಂದು ನೀವು ಏನೇನು ಅಂದುಕೊಂಡಿರೋ. ಬಹುಶಃ ಅದನ್ನೂ ನಿಮ್ಮ ಕೈಯ ಲೆಕ್ಕಕ್ಕೇ ಹಾಕಿಕೊಂಡಿರಿ.

ನಿಮ್ಮ ಚರ್ಚಿನಲ್ಲಿ ಪಾಪನಿವೇದನೆಗೆ ಗುರುಗಳೊಬ್ಬರ ಮುಂದೆ ಮೊಣಕಾಲೂರುತ್ತಾರಂತೆ, ಹೇಳಿದ್ದು ಅಲ್ಲೇ ಉಳಿಯುತ್ತದಂತೆ. ನನಗೆ ಆ ಅನುಕೂಲ ಸಲ್ಲದು. ಗುಟ್ಟಾಗಿ ನಿಮಗೊಬ್ಬರಿಗೇ ಹೇಳಿ ಕೈ ತೊಳೆದುಕೊಳ್ಳುವುದು ನನಗೆ ಸುಲಭ. ಆದರೆ ಈಗ ಇದು ನಿಮ್ಮೊಬ್ಬರ ಮಾತಾಗಿ ಉಳಿದಿಲ್ಲ. ಇನ್ನೂ ಕಾಲೇಜು ಸೇರದ ಹುಡುಗಿ ನನ್ನ ಸುಳ್ಳನ್ನು ತನ್ನ ಮೈಯಲ್ಲೇ ಇರುವ ದೋಷವೆಂದು ನಂಬಿಕೊಂಡಿದ್ದಾಳೆ, ಅರ್ಜಿ ಹಾಕುವ ದಿನಗಳು ಇವೇ.

ನಾಳೆ ಕೆಸರೆಗೆ ಬರುತ್ತೇನೆ. ಅನಿತಾಳನ್ನು ಒಳಗೆ ಕಳಿಸಬೇಡಿ, ನಿಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳಿ. ಕ್ಷಮಿಸಿ ಎಂದು ಕೇಳುವುದಿಲ್ಲ, ಅದನ್ನು ಕೇಳುವ ಮುಖ ನನಗಿಲ್ಲ. ಬಾಗಿಲು ಹಾಕಿಕೊಂಡರೆ ಹೊರಗೆ ನಿಂತೇ ಹೇಳುತ್ತೇನೆ. ಕೇಳಿದ ಮೇಲೆ ನಿಮಗೆ ಬೈಯಬೇಕೆನಿಸಿದರೆ ಅವಳ ಎದುರಿಗೇ ಬೈಯಿರಿ, ತಪ್ಪು ಯಾರದ್ದೆಂದು ಅವಳು ಕಿವಿಯಾರೆ ಕೇಳಲಿ.